ಹಾಲುಹಲ್ಲಿನ ಲೆಕ್ಕ

ಹಾಲುಹಲ್ಲು ಹೇಗೂ ಬಿದ್ದುಹೋಗುವುದಲ್ಲವೇ ಎಂದು ಹಟಮಾರಿ ಮಗುವನ್ನು ಹಾಗೆಯೇ ಬಿಡಬೇಡಿ. ಆ 20 ಹಲ್ಲುಗಳು ಮುಂದಿನ ಹಲ್ಲುಗಳಿಗೆ ಜಾಗ ಕಾದಿರಿಸುತ್ತವೆ; ದವಡೆಯವು 10-12 ವರ್ಷದವರೆಗೂ ಇರಬೇಕಾದವು. ಹುಳುಕು ಹಿಡಿದರೆ ಮಗು ಅನ್ನ ಬಿಡುತ್ತದೆ, ರಾತ್ರಿಯಿಡೀ ಅಳುತ್ತದೆ.

ಗದರಿಸಿದರೆ ಬಾಯಿ ಇನ್ನಷ್ಟು ಬಿಗಿಯಾಗುತ್ತದೆ. ಮಾವಿನೆಲೆಯಲ್ಲಿ, ಉಮಿಕರಿಯಲ್ಲಿ ಹಲ್ಲುಜ್ಜಿ ಬೆಳೆದ ಅಜ್ಜ-ಅಜ್ಜಿಯರೇ, ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಮೊದಲು ಬ್ರಷ್ ಅದರ ಕೈಯಲ್ಲೇ ಇರಲಿ, ಆಮೇಲೆ ನಿಮ್ಮ ಸರದಿ. ಒಂದು, ಎರಡು ಎಂದು ಹಲ್ಲು ಎಣಿಸುತ್ತ ಉಜ್ಜಿ; ಶಾಲೆಯಲ್ಲಿ ಕನ್ನಡ ಸಿಗದ ಮಗುವಿಗೆ ಆ ಎಣಿಕೆಯೂ ಬಂದೀತು. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು ಪೇಸ್ಟ್, ಆಮೇಲೆ ಬಟಾಣಿಯಷ್ಟು ಸಾಕು. ರಾತ್ರಿ ಉಜ್ಜಿದ ಮೇಲೆ ನೀರಲ್ಲದೆ ಬೇರೇನೂ ಬೇಡ. ಏಳು ವರ್ಷ ತುಂಬುವವರೆಗೆ ಇದು ದೊಡ್ಡವರದೇ ಕೆಲಸ.