ಹರಕು ಛತ್ರಿಯ ಪ್ರೀತಿ



ಪ್ರೇಮಕವಿತೆ ಬರೆಯಿರಿ ಎಂದರೆ ನಮ್ಮ ಹುಡುಗರು ಮೊದಲು ಚಂದ್ರನನ್ನು ಎಳೆದು ತರುತ್ತಾರೆ. ಮುಖ ಚಂದ್ರ, ಕಣ್ಣು ಕಮಲ, ನಡಿಗೆ ಹಂಸ. ನಿಮ್ಮಲ್ಲಿ ಹಂಸದ ನಡಿಗೆಯನ್ನು ಕಣ್ಣಾರೆ ಕಂಡವರೆಷ್ಟು ಜನ? ಸಂಸ್ಕೃತ ಕಾವ್ಯದಿಂದ ಬಂದ ಈ ಹೋಲಿಕೆಗಳು ಒಂದು ಕಾಲಕ್ಕೆ ಹೊಸವೇ ಆಗಿದ್ದವು. ಈಗ ಕೈಯಿಂದ ಕೈಗೆ ಹೋಗಿ ಸವೆದ ಕಾಸುಗಳಾಗಿವೆ. ಅವುಗಳಿಂದ ಹೊಗಳಬಹುದು, ನಗಿಸಲಾಗದು. ಪ್ರೀತಿಯಲ್ಲಿ ನಗು ಬರಬೇಕಾದರೆ ಮನೆಮಾತೇ ಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ.

ಉತ್ತರ ಕರ್ನಾಟಕದ ಮದುವೆಮನೆಗೆ ಬನ್ನಿ. ಅಲ್ಲಿ ಗಂಡನ ಹೆಸರು ಹೇಳಲು ಒಡಪು ಕಟ್ಟುತ್ತಾರೆ. ಗಂಡನ ಹೆಸರನ್ನು ನೇರವಾಗಿ ಎತ್ತಬಾರದೆಂಬ ಕಟ್ಟುಪಾಡಿನೊಳಗೇ ಹೆಂಗಸರು ಕಂಡುಕೊಂಡ ದಾರಿ ಇದು. 'ಹೆಸರು ಹೇಳು' ಎಂದು ಸುತ್ತ ನಿಂತವರು ಕಾಡುತ್ತಾರೆ. ಮದುಮಗಳು ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ, ಸವಾಲಿಗೆ ಜವಾಬು ಕೊಡುತ್ತಾಳೆ. ಒಲೆ, ರೊಟ್ಟಿ, ಎತ್ತು, ಬಸ್ಸು ಯಾವುದೂ ಅಲ್ಲಿ ವರ್ಜ್ಯವಲ್ಲ. ಮಾದರಿಗೆಂದು ನಾನೇ ಒಂದು ಕಟ್ಟಿದ್ದೇನೆ, ಕೇಳಿ:

ಹರಕ ಛತ್ರಿ ಹಿಡದರೂ ತೊಯ್ಯಗೊಡಲಿಲ್ಲ ನನ್ನ ತಲಿ,
ಶಿವಪ್ಪನ ಪ್ರೀತಿಗೆ ಕಟ್ಟಲಾರಿರಿ ನೀವು ಬೆಲಿ.

ನಕ್ಕಿರಲ್ಲವೇ? ಈಗ ಯೋಚಿಸಿ. ಛತ್ರಿ ಹರಿದಿದೆ, ಆಕೆಯ ತಲೆ ತೊಯ್ದಿಲ್ಲ. ಅಂದಮೇಲೆ ಪೂರಾ ತೊಯ್ದವನು ಶಿವಪ್ಪ! ಬಡತನ, ಮಳೆ, ಕಾಳಜಿ ಮೂರೂ ಒಂದು ಛತ್ರಿಯ ಕೆಳಗೆ ನಿಂತಿವೆ. ಈ ಕೆಲಸ ಚಂದ್ರನಿಂದ ಆಗುತ್ತಿತ್ತೇ?

ಇನ್ನು ಕೆ. ಎಸ್. ನರಸಿಂಹಸ್ವಾಮಿಯವರನ್ನು ನೋಡಿ. 1942ರ ಅವರ 'ಮೈಸೂರು ಮಲ್ಲಿಗೆ'ಯಲ್ಲಿ ರಾಯರೊಬ್ಬರು ರಾತ್ರಿ ಹೊತ್ತು ಮಾವನ ಮನೆಗೆ ಬರುವ ಪದ್ಯವಿದೆ. ಉಪಚಾರಕ್ಕೆ ಕೊರತೆಯಿಲ್ಲ, ಆದರೆ ಹೆಂಡತಿ ಮಾತ್ರ ಒಳಗೆ ಕಾಣುವುದಿಲ್ಲ. ಕಾರಣವನ್ನು ಕವಿ ಬಿಡಿಸಿ ಹೇಳುವುದಿಲ್ಲ. 'ಹೊರಗಾಗುವುದು' ಎಂದರೇನೆಂದು ಬಲ್ಲ ಕನ್ನಡಿಗ ರಾಯರ ಪಾಡು ಕಂಡು ತುಟಿಯಂಚಿನಲ್ಲಿ ನಗುತ್ತಾನೆ. ಹೆಣ್ಣನ್ನು ಹೊರಗೆ ಕೂರಿಸುವ ಆ ಪದ್ಧತಿ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ನಾನು ಹೇಳುತ್ತಿರುವುದು ಮಾತಿನ ವಿಷಯ. ಇದನ್ನೇ ಇಂಗ್ಲಿಷಿಗೆ ಹಾಕಿ ನೋಡಿ, ಹುಡುಗಿ ಪೇಟೆಗೆ ಹೋದಂತಾಗುತ್ತದೆ. ನಗುವೂ ಹೋಯಿತು, ವಿರಹವೂ ಹೋಯಿತು!

ಜಿ. ಪಿ. ರಾಜರತ್ನಂ ಕನ್ನಡ ಮೇಷ್ಟ್ರು. ಅವರು ಕಟ್ಟಿದ ರತ್ನನೋ ಹೆಂಡಗುಡುಕ. ಅವನಿಗೆ ಮೂರು ಪ್ರೀತಿ: ಹೆಂಡ, ಹೆಂಡತಿ ನಂಜಿ, ಕನ್ನಡದ ಪದ. ಹೆಂಡದ ಪಕ್ಕದಲ್ಲಿ ಹೆಂಡತಿಯನ್ನು ಕೂರಿಸಿದ ಈ ಪ್ರೇಮಿಯನ್ನು ಪಂಡಿತರ ಕನ್ನಡದಲ್ಲಿ ಮಾತಾಡಿಸಿದ್ದರೆ ಯಾರು ನಂಬುತ್ತಿದ್ದರು? ಮೇಷ್ಟ್ರು ಅವನ ನಾಲಿಗೆಯನ್ನು ತಿದ್ದಲಿಲ್ಲ. ಅದಕ್ಕೇ ನಂಜಿ ಇಂದಿಗೂ ಬದುಕಿದ್ದಾಳೆ.

1980ರಲ್ಲಿ 'ಲಂಕೇಶ್ ಪತ್ರಿಕೆ' ಶುರುವಾಯಿತು. ಅದರ ಪುಟಗಳಲ್ಲಿ ಪಿ. ಲಂಕೇಶರು 'ನೀಲು' ಎಂಬ ಪುಟ್ಟ ಪದ್ಯಗಳನ್ನು ಬರೆದರು. ಅಲ್ಲಿ ಮಾತಾಡುವವಳು ಹೆಣ್ಣು. ಗಂಡಸಿನ ಜಂಬವನ್ನು ಆಕೆ ಕೆಲವೇ ಸಾಲುಗಳಲ್ಲಿ ಚುಚ್ಚಿ ಒಡೆಯುತ್ತಾಳೆ, ಹಾಗೆಂದು ಪ್ರೀತಿಯನ್ನು ಬಿಟ್ಟುಕೊಡುವುದಿಲ್ಲ. ರಾಜಕಾರಣದ ಬಿಸಿಬಿಸಿ ಸುದ್ದಿಯ ನಡುವೆಯೂ ಓದುಗರು ನೀಲುವನ್ನು ಹುಡುಕಿ ಓದಿದರು.

ಬಂಧುಗಳೇ, ಭಾಷೆ ಉಳಿಯಬೇಕು ಎನ್ನುವಾಗ ನಾವು ಬೋರ್ಡು, ಅರ್ಜಿ, ಕಡತಗಳ ಮಾತಾಡುತ್ತೇವೆ. ಆಡಬೇಕಾದ್ದೇ. ಆದರೆ ಕಚೇರಿಯಲ್ಲಿ ಗೆದ್ದು ಅಡುಗೆಮನೆಯಲ್ಲಿ ಸೋತರೆ ಏನು ಬಂತು? ಇಂದು ಹುಡುಗನೊಬ್ಬ ಮೊಬೈಲಿಗೆ ಬಂದ ಸಿದ್ಧ ಸಾಲನ್ನು ಹಾಗೆಯೇ ಹುಡುಗಿಗೆ ದಾಟಿಸುತ್ತಾನೆ. ಅದೇ ಸಾಲು ಇನ್ನೂ ನೂರು ಹುಡುಗಿಯರಿಗೆ ಹೋಗಿರುತ್ತದೆ. ಅದರಲ್ಲಿ ಅವನ ಊರಿಲ್ಲ, ಅವಳ ಕೋಪವಿಲ್ಲ, ಇಬ್ಬರೂ ಸೇರಿ ನಕ್ಕ ಒಂದು ಗಳಿಗೆಯೂ ಇಲ್ಲ. ಯಾವ ಭಾಷೆಯಲ್ಲಿ ಪ್ರೀತಿಸಿದವರನ್ನು ಛೇಡಿಸಲಾಗುವುದಿಲ್ಲವೋ ಆ ಭಾಷೆ ಮನೆಬಿಟ್ಟು ಹೋಗಲು ಆಗಲೇ ಗಂಟು ಕಟ್ಟಿದೆ ಎಂದು ತಿಳಿಯಿರಿ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಚಿಕ್ಕದು. ಈ ರಾತ್ರಿ ನಿಮ್ಮವರಿಗೆ ಎರಡು ಸಾಲು ಬರೆಯಿರಿ. ಚಂದ್ರನಿಗೆ ರಜೆ ಕೊಡಿ. ಮನೆಯಲ್ಲಿರುವ ಸೀದ ಪಾತ್ರೆ, ಕೆಟ್ಟ ಸೈಕಲ್ಲು, ಮುರಿದ ಕೊಡೆ ಯಾವುದಾದರೂ ಆದೀತು. ಅವರು ನಕ್ಕರೆ ಕವಿತೆ ಗೆದ್ದಿತು. ಬೈದರೆ, ಕನ್ನಡದಲ್ಲೇ ಬೈದರಲ್ಲ, ಅದೂ ಲಾಭವೇ!