ಹಳೇ ಫಿಯೆಟ್ಟಿಗೆ ರೇಸಿನ ಬೆಲ್ಟು

ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ಕಡೆ ಹೋಗುವ ವಾಹನಗಳ ಸಾಲಿನಲ್ಲಿ ಒಮ್ಮೊಮ್ಮೆ ಹಳೇ ಕಾಲದ ಪುಟ್ಟ ಕಾರುಗಳೂ ಕಾಣಿಸುತ್ತವೆ. ಅವುಗಳಲ್ಲಿ ದುಂಡು ದೀಪದ ಪ್ರೀಮಿಯರ್ ಪದ್ಮಿನಿಯನ್ನು ನೀವು ಗುರುತು ಹಿಡಿಯದಿದ್ದರೂ ನಿಮ್ಮ ತಾತ ಹಿಡಿಯುತ್ತಾರೆ. ಅವರ ಬಾಯಲ್ಲಿ ಅದು ಬರೀ ‘ಫಿಯೆಟ್ಟು’. ಮುಂಬೈಯಲ್ಲಿ ತಯಾರಾಗುತ್ತಿದ್ದ ಈ ಕಾರಿನ ಎಂಜಿನ್ನು 1089 ಸಿ.ಸಿ. ಅಷ್ಟೇ. ಆದರೂ ಮದ್ರಾಸಿನ ಹತ್ತಿರದ ಶೋಲಾವರಂ ವಿಮಾನಪಟ್ಟಿಯಲ್ಲಿ ಫಿಯೆಟ್ಟುಗಳು ರೇಸಿಗೆ ಇಳಿಯುತ್ತಿದ್ದವು.

ಇಂಥ ಕಾರನ್ನು ರೇಸಿಗೋ ರ‍್ಯಾಲಿಗೋ ಸಜ್ಜು ಮಾಡುವವರು ಅದಕ್ಕೆ ಹಾರ್ನೆಸ್ ಎಂಬ ರೇಸಿನ ಬೆಲ್ಟು ಹಾಕಿಸುತ್ತಾರೆ. ಎರಡು ಹೆಗಲ ಮೇಲಿಂದ ಎರಡು ಪಟ್ಟಿ, ಸೊಂಟದ ಎರಡು ಬದಿಯಿಂದ ಎರಡು, ತೊಡೆಗಳ ನಡುವಿನಿಂದ ಒಂದೋ ಎರಡೋ. ಎಲ್ಲವೂ ಬಂದು ಹೊಟ್ಟೆಯ ಕೆಳಗೆ ಒಂದೇ ಬಕಲ್ಲಿಗೆ ಸೇರುತ್ತವೆ. ನೋಡಲು ಗತ್ತಾಗಿರುತ್ತದೆ. ಆದರೆ ಪಟ್ಟಿಗಳ ಇನ್ನೊಂದು ತುದಿಯನ್ನು ಎಲ್ಲಿ ಬಿಗಿದಿದ್ದಾರೆ ಅಂತ ಬಗ್ಗಿ ನೋಡಬೇಕು.

ಮೊದಲು ಒಂದು ಲೆಕ್ಕ. ಗಂಟೆಗೆ 36 ಕಿ.ಮೀ. ಅಂದರೆ ಸೆಕೆಂಡಿಗೆ 10 ಮೀಟರ್. ಸುಮಾರು 5 ಮೀಟರ್ ಎತ್ತರದ ತಾರಸಿಯಿಂದ ಬಿದ್ದವರು ನೆಲ ಮುಟ್ಟುವಾಗಲೂ ಇದೇ ವೇಗ. ಈ ವೇಗದಲ್ಲಿ ಹೋಗುತ್ತಿದ್ದ ಕಾರು ಮರಕ್ಕೆ ಗುದ್ದಿ ನಿಂತಿತು ಅನ್ನೋಣ. ಕಾರೇನೋ ನಿಂತಿತು, ಒಳಗಿದ್ದವರು ನಿಲ್ಲಲಿಲ್ಲ. ಜಡತ್ವದಿಂದ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಲೇ ಇರುತ್ತಾರೆ. ಬೆಲ್ಟಿಲ್ಲದ 30 ಕಿಲೋ ತೂಕದ ಹುಡುಗ ಡ್ಯಾಶ್‌ಬೋರ್ಡಿಗೆ ಬಡಿದು 5 ಸೆಂಟಿಮೀಟರಿನೊಳಗೆ ನಿಂತರೆ ಅವನ ಮೇಲೆ ಬೀಳುವ ಬಲ ಸುಮಾರು 3 ಟನ್ ಭಾರಕ್ಕೆ ಸಮ. ಅದೇ ಹುಡುಗ 50 ಸೆಂಟಿಮೀಟರ್ ದೂರ ಸಾಗುತ್ತಾ ನಿಧಾನವಾಗಿ ನಿಂತರೆ ಅದು 300 ಕಿಲೋಗೆ ಇಳಿಯುತ್ತದೆ. ಹುಡುಗನೂ ಅವನೇ, ವೇಗವೂ ಅದೇ. ನಿಲ್ಲಲು ಸಿಕ್ಕ ಜಾಗ ಮಾತ್ರ ಹತ್ತು ಪಟ್ಟು ಹೆಚ್ಚಾಯಿತು.

ಆ ಜಾಗದಲ್ಲಿ ದೊಡ್ಡ ಪಾಲು ಕಾರಿನ ಮೂತಿ ನಜ್ಜುಗುಜ್ಜಾಗುವುದರಿಂದ ಸಿಗುತ್ತದೆ. ಹೊಸ ಕಾರುಗಳ ಮೂತಿಯನ್ನು ಹೀಗೆ ಮಡಚಿಕೊಳ್ಳಲೆಂದೇ ಲೆಕ್ಕ ಹಾಕಿ ಮಾಡಿರುತ್ತಾರೆ. ಹಳೇ ಕಾರಿಗೆ ಆ ಭಾಗ್ಯ ಇಲ್ಲ. ಉಳಿದ ಪಾಲು ಬೆಲ್ಟಿನದು. ಅದು ಸ್ವಲ್ಪ ಹಿಗ್ಗಬೇಕು, ಕಿತ್ತು ಬರಬಾರದು. ಶಿಡ್ಲಘಟ್ಟದ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಬಿಸಿನೀರಿನಲ್ಲಿ ತೇಲುವ ರೇಷ್ಮೆಗೂಡುಗಳಿಂದ ಎಳೆ ತೆಗೆಯುವಾಗ ನೂಲು ಬಿಚ್ಚುವವರು ಒಂದೇ ಗೂಡಿನ ಎಳೆಯನ್ನು ನಂಬುವುದಿಲ್ಲ. ಹಲವು ಗೂಡುಗಳ ಎಳೆ ಕೂಡಿಸಿ ಒಂದು ನೂಲು ಮಾಡುತ್ತಾರೆ. ಸೀಟ್ ಬೆಲ್ಟಿನಲ್ಲಿರುವುದು ರೇಷ್ಮೆಯಲ್ಲ, ಪಾಲಿಯೆಸ್ಟರ್. ಅಲ್ಲೂ ಸಾವಿರಾರು ಸಣ್ಣ ಎಳೆಗಳು ಒಟ್ಟಾಗಿ ಭಾರ ಹೊರುತ್ತವೆ. ಆದರೆ ಒಂದು ದೊಡ್ಡ ಅಪಘಾತದಲ್ಲಿ ಹಿಗ್ಗಿದ ಬೆಲ್ಟು ಇನ್ನೊಮ್ಮೆ ಹಾಗೆ ಹಿಗ್ಗಲಾರದು. ಅದನ್ನು ಕಿತ್ತು ಹೊಸದು ಹಾಕಬೇಕು. ‘ಚೆನ್ನಾಗೇ ಇದೆಯಲ್ಲ’ ಎಂದು ಹಳೇ ರೇಸ್ ಕಾರಿನಿಂದ ಬಿಚ್ಚಿದ ಹಾರ್ನೆಸ್ ಕೊಳ್ಳುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಬೆಲ್ಟು ಅಗಲ ಇರುವುದೇಕೆ? ಪುಸ್ತಕ ತುಂಬಿದ ಚೀಲಕ್ಕೆ ಸಣ್ಣ ಹುರಿ ಕಟ್ಟಿ ಹೆಗಲಿಗೆ ಹಾಕಿಕೊಂಡು ನೋಡಿ. ಭಾರ ಅಷ್ಟೇ ಇದ್ದರೂ ವಿಸ್ತೀರ್ಣ ಕಡಿಮೆಯಾದರೆ ಒತ್ತಡ ಹೆಚ್ಚುತ್ತದೆ. ಆ ಒತ್ತಡವನ್ನು ಮೂಳೆ ತಾಳುತ್ತದೆ, ಮೆತ್ತನೆಯ ಹೊಟ್ಟೆ ತಾಳುವುದಿಲ್ಲ. ಆದ್ದರಿಂದ ಸೊಂಟದ ಪಟ್ಟಿ ತೊಡೆಯ ಬುಡದಲ್ಲಿ, ಸೊಂಟದ ಮೂಳೆಗಳ ಮೇಲೆ ಕೂರಬೇಕು. ಹೆಗಲ ಪಟ್ಟಿ ಬಿಗಿದಾಗ ಅದು ಬಕಲ್ಲನ್ನು ಮೇಲಕ್ಕೆ, ಹೊಟ್ಟೆಯ ಕಡೆ ಎಳೆಯುತ್ತದೆ. ತೊಡೆ ನಡುವಿನ ಪಟ್ಟಿ ಇರುವುದೇ ಅದನ್ನು ತಡೆಯಲು.

ಈಗ ಹೆಗಲ ಪಟ್ಟಿಯ ಹಿಂದಿನ ತುದಿ. ಪುಟ್ಟ ಕಾರಿನಲ್ಲಿ ಎಲ್ಲರೂ ಜಾರುವುದು ಇಲ್ಲೇ. ಜಾಗ ಇಲ್ಲವೆಂದು ಸೀಟಿನ ಬೆನ್ನ ಹಿಂದೆಯೇ ನೆಲಕ್ಕೆ ತೂತು ಹೊಡೆದು ಪಟ್ಟಿಯನ್ನು ಕೆಳಕ್ಕೆ ಬಿಗಿದುಬಿಡುತ್ತಾರೆ. ಗುದ್ದಿದಾಗ ಆ ಪಟ್ಟಿ ಹೆಗಲನ್ನು ಹಿಂದಕ್ಕೆ ಹಿಡಿಯುವ ಬದಲು ಕೆಳಕ್ಕೆ ಅದುಮುತ್ತದೆ. ನಡುವೆ ಸಿಕ್ಕಿ ನಲುಗುವುದು ಬೆನ್ನುಮೂಳೆ. ಜಾಮಿಟ್ರಿ ಬಾಕ್ಸಿನ ಕೋನಮಾಪಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಪಟ್ಟಿ ಮಟ್ಟಸಕ್ಕಿಂತ 45 ಡಿಗ್ರಿ ಇಳಿಜಾರಿದ್ದರೆ ಅದರ ಎಳೆತದಲ್ಲಿ ಹತ್ತಕ್ಕೆ ಏಳು ಪಾಲು ಕೆಳಮುಖವಾಗಿರುತ್ತದೆ. 10 ಡಿಗ್ರಿ ಇದ್ದರೆ ಹತ್ತಕ್ಕೆ ಎರಡು ಪಾಲೂ ಇಲ್ಲ. ಜಗತ್ತಿನ ಮೋಟಾರು ರೇಸುಗಳಿಗೆ ನಿಯಮ ಮಾಡುವ ಎಫ್‌ಐಎ ಸಂಸ್ಥೆ 45 ಡಿಗ್ರಿ ಮೀರಬಾರದು, 10ರೊಳಗಿದ್ದರೆ ಒಳ್ಳೆಯದು ಎನ್ನುವುದು ಇದಕ್ಕೇ.

ಬೋಲ್ಟಿನ ಕಥೆ ಇನ್ನೂ ಸ್ವಾರಸ್ಯ. ಬೋಲ್ಟು ಉಕ್ಕಿನದು, ಸುಲಭಕ್ಕೆ ಮುರಿಯುವುದಿಲ್ಲ. ಆದರೆ ಕಾರಿನ ನೆಲ ತೆಳು ತಗಡು. ಬೋಲ್ಟು ಅದನ್ನು ಹರಿದುಕೊಂಡೇ ಬಂದುಬಿಡಬಹುದು. ಅದಕ್ಕೆ ತಗಡಿನ ಅಡಿಯಲ್ಲಿ ಉಕ್ಕಿನ ಫಲಕ ಕೊಡುತ್ತಾರೆ. ಎಫ್‌ಐಎ ಲೆಕ್ಕದಲ್ಲಿ ಅದು ಕನಿಷ್ಠ 3 ಮಿ.ಮೀ. ದಪ್ಪ, 40 ಚದರ ಸೆಂ.ಮೀ. ವಿಸ್ತೀರ್ಣ ಇರಬೇಕು. ಚೀಲದ ಪಟ್ಟಿಯ ವಿಜ್ಞಾನವೇ ಇದು, ಈ ಸಲ ಉಕ್ಕಿನಲ್ಲಿ. ಅಷ್ಟಾದರೂ ನೆಲ ತುಕ್ಕು ಹಿಡಿದಿದ್ದರೆ ಏನೂ ಪ್ರಯೋಜನವಿಲ್ಲ. ಪುಟ್ಟಿ ಮೆತ್ತಿ ಪೇಂಟ್ ಹೊಡೆದ ತಗಡು ಕಣ್ಣಿಗೆ ಹೊಸದರಂತೆ ಕಾಣುತ್ತದೆ. ಒಳ್ಳೆಯ ಮೆಕ್ಯಾನಿಕ್ ಕಾರನ್ನು ಮೇಲೆತ್ತಿ ಅಡಿಯಿಂದ ತಟ್ಟಿ ನೋಡುತ್ತಾನೆ. ಇದು ನುರಿತವರ ಕೆಲಸ, ಮನೆಯಲ್ಲಿ ಡ್ರಿಲ್ ಹಿಡಿದು ಮಾಡುವಂಥದ್ದಲ್ಲ.

‘ಅಷ್ಟು ಒಳ್ಳೆಯದಾದರೆ ನಮ್ಮ ಕಾರಿಗೂ ಹಾಕಿಸಬಹುದಲ್ಲ?’ ಎಂದು ಕೇಳುತ್ತೀರಿ. ಬೇಡ. ಬಿಗಿದು ಕೂತವರು ಚಿಂತಾಮಣಿಯ ಪೇಟೆ ಬೀದಿಯಲ್ಲಿ ಮುಂದಕ್ಕೆ ಬಾಗಿ ಅಡ್ಡರಸ್ತೆ ನೋಡಲಾರರು. ಕಾರು ಪಲ್ಟಿಯಾಗಿ ಛಾವಣಿ ಕುಸಿದರೆ ತಲೆ ಬಗ್ಗಿಸಲೂ ಆಗದು. ರೇಸಿನ ಕಾರಿನಲ್ಲಿ ಛಾವಣಿಯನ್ನು ಹೊರಲು ಉಕ್ಕಿನ ಕೊಳವೆಗಳ ರೋಲ್ ಕೇಜ್ ಇರುತ್ತದೆ, ತಲೆಗೆ ಹೆಲ್ಮೆಟ್ ಇರುತ್ತದೆ. ಅವೆರಡೂ ಇಲ್ಲದೆ ಹಾರ್ನೆಸ್ ಒಂದನ್ನೇ ಹಾಕುವುದು ಅರ್ಧ ಕೆಲಸ.

ರಸ್ತೆಗೆ ಬೇಕಾದದ್ದು ಮೂರು ಕಡೆ ಹಿಡಿಯುವ ಮಾಮೂಲಿ ಬೆಲ್ಟು. 1959ರಲ್ಲಿ ವೋಲ್ವೋ ಕಂಪನಿಗಾಗಿ ಅದನ್ನು ರೂಪಿಸಿದವರು ಸ್ವೀಡನ್ನಿನ ನಿಲ್ಸ್ ಬೋಲಿನ್. ಅದಕ್ಕೂ ಮೊದಲು ಅವರ ಕೆಲಸ ಯುದ್ಧವಿಮಾನದಿಂದ ಪೈಲಟ್ಟನ್ನು ಹೊರಕ್ಕೆಸೆಯುವ ಸೀಟು ಮಾಡುವುದಾಗಿತ್ತು! ಬೆಲ್ಟಿನ ಪೇಟೆಂಟನ್ನು ವೋಲ್ವೋ ಬೇರೆ ಕಂಪನಿಗಳೂ ಬಳಸಲು ಬಿಟ್ಟುಕೊಟ್ಟಿತು. ನಮ್ಮಲ್ಲಿ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದೆ ಕೂರಿಸಿದರೆ ಓಡಿಸುವವರಿಗೆ 1000 ರೂಪಾಯಿ ದಂಡ.

ಮುಂದಿನ ಸಲ ನಿಂತ ಕಾರಿನಲ್ಲಿ ಕೂತಾಗ ಬೆಲ್ಟನ್ನು ನಿಧಾನವಾಗಿ ಎಳೆಯಿರಿ, ಸಲೀಸಾಗಿ ಬರುತ್ತದೆ. ಒಮ್ಮೆಲೇ ಜಗ್ಗಿ, ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಸುರುಳಿ ಸರ್ರನೆ ತಿರುಗಿದಾಗ ಒಳಗಿನ ಒಂದು ಪುಟ್ಟ ಭಾಗ ಜಡತ್ವದಿಂದ ಹಿಂದೆ ಉಳಿದು, ಸುರುಳಿ ಹಲ್ಲುಚಕ್ರಕ್ಕೆ ಸಿಕ್ಕಿಕೊಳ್ಳುವಂತೆ ಮಾಡುತ್ತದೆ. ನಿಮ್ಮನ್ನು ಮುಂದಕ್ಕೆ ಎಸೆಯುವ ಜಡತ್ವವೇ ಇಲ್ಲಿ ಬೀಗ ಹಾಕುವ ಕೆಲಸಕ್ಕೆ ನಿಂತಿದೆ.