ಮೊಂಡಾದ ಡ್ರಿಲ್ ಬಿಟ್ ಗುಜರಿಯಲ್ಲ
(ಉಪನ್ಯಾಸದ ಬರಹರೂಪ)



ಯಲ್ಲಾಪುರ, ಹಳಿಯಾಳ, ಕಲಘಟಗಿ ಭಾಗದ ರೈತರಿಗೆ ಯಂತ್ರೋಪಕರಣಗಳ ಪೇಟೆಯೆಂದರೆ ಹುಬ್ಬಳ್ಳಿ. 1880ರ ದಶಕದಲ್ಲಿ ಆರಂಭವಾದ ರೈಲ್ವೆ ಕಾರ್ಯಾಗಾರ, ಗೋಕುಲ ರಸ್ತೆಯ ಕೈಗಾರಿಕಾ ವಸಾಹತುಗಳಿಂದಾಗಿ ಕಬ್ಬಿಣದ ಕಸುಬು ಅಲ್ಲಿ ಬೇರೂರಿದೆ. ಆದರೆ ಮಳೆಗಾಲದಲ್ಲಿ ತೋಟದ ಗೇಟು ಕಳಚಿಬಿದ್ದರೆ, ಒಂದು ತೂತಿಗಾಗಿ ಪೇಟೆಗೆ ಹೋಗಿಬರುವುದೆಂದರೆ ಆ ದಿನದ ಕೆಲಸ ಕೆಟ್ಟಂತೆ. ಮನೆಯಲ್ಲಿ ಡ್ರಿಲ್ ಯಂತ್ರವಿದ್ದೂ ಕೆಲಸ ನಿಲ್ಲುವುದು ಬಹುಮಟ್ಟಿಗೆ ಬಿಟ್‌ನ ದೋಷದಿಂದ.

ಅತ್ಯಂತ ಅಗ್ಗದ ಬಿಟ್‌ಗಳಲ್ಲಿ ಹಲವು ಸಾಧಾರಣ ಕಾರ್ಬನ್ ಉಕ್ಕಿನವು. ಕಾವು 200–250 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅವುಗಳ ಗಡಸುತನ ಕುಂದುತ್ತದೆ. ಮರಕ್ಕೆ ಅವು ಸಾಕು, ಕಬ್ಬಿಣಕ್ಕೆ ಸಲ್ಲವು. ಟಂಗ್‌ಸ್ಟನ್, ಮಾಲಿಬ್ಡಿನಮ್ ಬೆರೆತ ಹೈಸ್ಪೀಡ್ ಉಕ್ಕು, ಅಂದರೆ ಎಚ್.ಎಸ್.ಎಸ್., ಸುಮಾರು 600 ಡಿಗ್ರಿಯವರೆಗೂ ಗಡಸುತನ ಉಳಿಸಿಕೊಳ್ಳುತ್ತದೆ. ಮನೆಗೆಲಸಕ್ಕೆ ಇದೇ ಯೋಗ್ಯ. ಶೇ. 5ರಷ್ಟು ಕೋಬಾಲ್ಟ್ ಇರುವ ದುಬಾರಿ ಬಿಟ್ ಬೇಕಾಗುವುದು ಸ್ಟೇನ್‌ಲೆಸ್ ಸ್ಟೀಲಿನಂಥ ಗಟ್ಟಿ ಲೋಹಕ್ಕೆ ಮಾತ್ರ. ಹೊಂಬಣ್ಣ ಕಂಡು ಮರುಳಾಗಬಾರದು. ಅದು ತೆಳುವಾದ ಲೇಪ, ಸಾಣೆ ಹಿಡಿದಾಗ ಮೊನೆಯಿಂದ ಹೋಗುತ್ತದೆ.

ನೂರು ಬಿಟ್‌ಗಳ ಪೆಟ್ಟಿಗೆಗಿಂತ 3, 4, 5, 6, 8, 10 ಮಿ.ಮೀ. ಅಳತೆಯ ಆರು ಬಿಡಿ ಬಿಟ್‌ಗಳನ್ನು ಕೊಳ್ಳುವುದು ಲೇಸು. ಬುಡದಲ್ಲಿ ತಯಾರಕರ ಹೆಸರು, ಅಳತೆ, ಎಚ್.ಎಸ್.ಎಸ್. ಗುರುತು ಇದೆಯೇ ನೋಡಬೇಕು. ಅಂಗಡಿಯ ಗಾಜಿನ ಮೇಲೆ ಉರುಳಿಸಿದರೆ ಸೊಟ್ಟಗಿರುವುದು ತಿಳಿಯುತ್ತದೆ.

ಬಿಟ್ ಬಾಳುವುದು ಬಳಕೆಯ ಮೇಲೆ. 6 ಮಿ.ಮೀ. ಬಿಟ್‌ಗೆ ಸಾಧಾರಣ ಕಬ್ಬಿಣದಲ್ಲಿ ನಿಮಿಷಕ್ಕೆ ಸುಮಾರು 1,300 ಸುತ್ತು, 10 ಮಿ.ಮೀ.ಗೆ 800 ಸುತ್ತು ಸಾಕು. ಸ್ಟೇನ್‌ಲೆಸ್‌ಗೆ ಇದರ ಅರ್ಧಕ್ಕಿಂತಲೂ ಕಡಿಮೆ. ಮೊದಲು ಪಂಚ್‌ನಿಂದ ಗುರುತು ಹಾಕಿ, ಎಣ್ಣೆ ಬಿಟ್ಟು, ಒತ್ತಡ ಸಡಿಲಿಸದೆ ಕೊರೆಯಬೇಕು. ಕೊರೆಯದೆ ಬರಿದೆ ಉಜ್ಜಿದರೆ ಸ್ಟೇನ್‌ಲೆಸ್ ಮತ್ತಷ್ಟು ಗಡಸಾಗಿ ಬಿಟ್ಟನ್ನೇ ತಿನ್ನುತ್ತದೆ. ತಗಡನ್ನು ಕೈಯಲ್ಲಿ ಹಿಡಿಯದೆ ಬಿಗಿಯಬೇಕು. ಕಣ್ಣಿಗೆ ಕನ್ನಡಕ ಬೇಕು. ಕೈಗವಸು, ಜೋಲುವ ಬಟ್ಟೆ ಕೂಡದು.

ಇನ್ನು ಮುಖ್ಯ ಮಾತು. ಕತ್ತಿ ಮೊಂಡಾಯಿತೆಂದು ಯಾವ ರೈತನೂ ಅದನ್ನು ಎಸೆಯುವುದಿಲ್ಲ, ಮಸೆಯುತ್ತಾನೆ. ಬಿಟ್‌ಗೂ ಅದೇ ನ್ಯಾಯ. ಸಾಮಾನ್ಯ ಬಿಟ್‌ನ ಮೊನೆಯ ಕೋನ 118 ಡಿಗ್ರಿ. ಆದ್ದರಿಂದ ಪ್ರತಿ ಅಂಚನ್ನೂ ಸಾಣೆಕಲ್ಲಿಗೆ 59 ಡಿಗ್ರಿಯಲ್ಲಿ ಹಿಡಿದು, ಅಂಚಿನ ಹಿಂಭಾಗ ತುಸು ತಗ್ಗುವಂತೆ ಹಗುರವಾಗಿ ಮಸೆಯಬೇಕು. ಎರಡೂ ಅಂಚುಗಳು ಸಮನಾಗಿದ್ದರೆ ಕೊರೆಯುವಾಗ ಎರಡೂ ಕಡೆಯಿಂದ ಲೋಹದ ಸುರುಳಿ ಏಳುತ್ತದೆ. ಒಂದೇ ಕಡೆ ಎದ್ದರೆ ತೂತು ದೊಡ್ಡದಾಗುತ್ತದೆ.

ಕುದುರೆಮುಖದ ಕಬ್ಬಿಣದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಗಣಿಯೆಂದರೇನೆಂದು ಮಲೆನಾಡಿಗೆ ಹೇಳಿಕೊಡಬೇಕಾಗಿಲ್ಲ. ಜಗತ್ತಿನ ಕೋಬಾಲ್ಟ್‌ನ ಬಹುಪಾಲು ದೂರದ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ; ಅಲ್ಲಿಯೂ ಮಣ್ಣು, ನೀರು, ಜನರಿದ್ದಾರೆ. ಊರಿಗೊಂದು ಸಾಣೆಕಲ್ಲು, ಅದನ್ನು ಬಳಸಬಲ್ಲ ನಾಲ್ಕು ಕೈಗಳಿದ್ದರೆ ಒಂದು ಬಿಟ್ ಹತ್ತಾರು ಬಾರಿ ಮರುಹುಟ್ಟು ಪಡೆಯುತ್ತದೆ. ಆ ಕೈಗಳು ವಿದ್ಯಾರ್ಥಿಗಳದಾಗಲಿ.